ಮುಕ್ಕಾಲಿ

ನಾನು ಹಿಲ್ಡಾ. ವಿರಾಜಪೇಟೆ ಕಾಲೇಜಿನ ಎರಡನೇ ಮಹಡಿಯಲ್ಲಿ
ಗಾಜು ತೊಳೆಯುವವಳು.
ಹದಿನೇಳು ವರ್ಷದಲ್ಲಿ ನಾನು ಕಲಿತ ರಸಾಯನಶಾಸ್ತ್ರ
ಫ್ಲಾಸ್ಕಿನ ತಳಕ್ಕೆ ಏನು ಅಂಟಿದೆ ಎಂಬಷ್ಟೇ.

ಕಿತ್ತಳೆ ಬಣ್ಣವಾದರೆ ಅಸಿಟೋನ್ ಒಂದು ಸಲ.
ಕೆಂಪಾದರೆ ಎರಡು ಸಲ.
ಕಾಚಂಪುಳಿಯ ಹಾಗೆ ಕಪ್ಪಗೆ ಹಿಡಿದಿದ್ದರೆ
ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ
ಬ್ರಷ್ಷಿನ ಜೊತೆ ನನ್ನ ಬಾಯಿಯೂ ಕೆಲಸ ಮಾಡುತ್ತದೆ.

ರುಥೇನಿಯಂ ಒಂದು ಗ್ರಾಮಿಗೆ ನನ್ನ ತಿಂಗಳ ಸಂಬಳ.
ಚೆಲ್ಲಿದರೆ ಗುಡಿಸಬೇಡ, ನನ್ನನ್ನು ಕರೆ
ಎಂದಿದ್ದಾರೆ ಮಾಚಮ್ಮ ಮೇಡಂ.

ಶಮೀಮಾಳಿಗೆ ಅವರು ಹೇಳಿಕೊಡುವಾಗ ನಾನು ಸಿಂಕಿನ ಬಳಿ ಇದ್ದೆ.
ಪುಸ್ತಕದಲ್ಲಿ ಪಿಯಾನೋ ಸ್ಟೂಲ್ ಅಂತಿದೆ.
ಪಿಯಾನೋ ಯಾರು ನೋಡಿದ್ದಾರೆ, ಬಿಡು,
ಮುಕ್ಕಾಲಿ ಅನ್ನು.
ಮದುವೆಯಲ್ಲಿ ಮದುಮಗಳನ್ನು ಕೂರಿಸುತ್ತೇವಲ್ಲ, ಅದೇ.
ಮೇಲೆ ಐದು ಕಾರ್ಬನ್ನಿನ ಹಲಗೆ, ಅಡಿಯಲ್ಲಿ ಲೋಹ,
ಲೋಹಕ್ಕೆ ಮೂರು ಕಾಲು:
ಎರಡು ಫಾಸ್ಫೀನ್, ಒಂದು ಕ್ಲೋರಿನ್.

ಕ್ಲೋರಿನ್ ಕಾಲು ಕಳಚುತ್ತದೆ. ಆ ತೂತಿಗೆ
ಆಲ್ಕೈನ್ ಬರುತ್ತದೆ, ತೆಳ್ಳಗೆ, ನೆಟ್ಟಗೆ,
ತುದಿಯಲ್ಲಿ ಒಂದೇ ಒಂದು ಹೈಡ್ರೋಜನ್ ಇಟ್ಟುಕೊಂಡು.
ಮೊದಲು ಅಡ್ಡ ಮಲಗಲು ನೋಡುತ್ತದೆ.
ಅಕ್ಕಪಕ್ಕ ದಪ್ಪ ಫಾಸ್ಫೀನುಗಳು ಮೊಣಕೈ ಚಾಚಿ ಕೂತಿವೆ.
ಜಾಗವಿಲ್ಲ. ಎದ್ದು ನಿಲ್ಲಬೇಕು.
ನಿಲ್ಲಬೇಕಾದರೆ
ಆ ಹೈಡ್ರೋಜನ್
ಈ ಕಾರ್ಬನ್ನಿನಿಂದ ಪಕ್ಕದ ಕಾರ್ಬನ್ನಿಗೆ ದಾಟಬೇಕು.
ದಾಟಿತೋ, ಅದು ಆಲ್ಕೈನ್ ಅಲ್ಲ, ವಿನಿಲಿಡೀನ್.
ಕೆಂಪು.

ಕಾಲು ಬದಲಿಸಿದರೆ?
ಕಾರ್ಬನ್ ಮಾನಾಕ್ಸೈಡ್ ಕಾಲಾದರೆ
ಲೋಹದ ಎಲೆಕ್ಟ್ರಾನನ್ನು ತಾನೇ ಹೀರಿಕೊಳ್ಳುತ್ತದೆ,
ಬಂದವರಿಗೆ ಕೊಡಲು ಲೋಹದ ಬಳಿ ಉಳಿಯುವುದು ಅಷ್ಟಕ್ಕಷ್ಟೇ.
ಎರಡು ಕಾಲೂ ಸಡಿಲವಾದರೆ
ಒಂದಲ್ಲ, ಎರಡು ಆಲ್ಕೈನ್ ಒಳಗೆ ಬಂದು
ತಾವು ತಾವೇ ತೋಳು ಹಿಡಿದು
ಲೋಹವನ್ನೂ ಸೇರಿಸಿ ಉಂಗುರ ಕಟ್ಟುತ್ತವೆ.
ಅದೇ ಲೋಹ. ಅದೇ ಆಲ್ಕೈನ್.

"ಥೇಟ್ ಮನುಷ್ಯರ ಹಾಗೆ," ಎಂದಳು ಶಮೀಮಾ.
"ಅಲ್ಲ. ಮನುಷ್ಯರು ಕಾರಣ ಹೇಳುತ್ತಾರೆ.
ಇದು ಜಾಗ ನೋಡುತ್ತದೆ, ಅಷ್ಟೇ."

ಫೆಬ್ರವರಿಯಲ್ಲಿ ನಾಲ್ಕು ಸಲ ಮಾಡಿದಳು.
ಸಡಿಲ ಕಾಲು ತೆಗೆದು ಹೊಸ ಫಾಸ್ಫೀನ್ ಕೂರಿಸುವುದು, ಆಮೇಲೆ ಆಲ್ಕೈನ್.
ನಾಲ್ಕು ಸಲವೂ ಕಾಚಂಪುಳಿ.
ಬಸ್ಸಿನಲ್ಲಿ ಮೈಸೂರಿಗೆ ಹೋದ ಟ್ಯೂಬಿನ ಉತ್ತರ: ಉಂಗುರ.
ಸಾಲ್ವೆಂಟ್ ಬದಲಿಸಿದಳು, ಲೆಕ್ಕ ತಿದ್ದಿದಳು,
ಸಿದ್ದಾಪುರದ ಕೊನೆಯ ಬಸ್ಸು ತಪ್ಪಿ
ನಮ್ಮ ಮನೆಯಲ್ಲಿ ಮಲಗಿದಳು. ನಡುರಾತ್ರಿ ಎದ್ದು ಕೂತು ಅತ್ತಳು.
ನಾನು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ.

ಐದನೆಯ ಸಲ, ಫಾಸ್ಫೀನಿನ ಸೀಸೆ ಕೈಗೆ ಕೊಟ್ಟು
"ಹಿಡ್ಕೊಳ್ಳಿ ಹಿಲ್ಡಾಂಟಿ" ಅಂದಾಗ
ಮೂಗು ಮುಚ್ಚಲು ಸೆರಗು ಎತ್ತಿದೆ, ಅಭ್ಯಾಸ.
ಮುಚ್ಚಬೇಕಾಗಲಿಲ್ಲ.

ಇದು ನಾರುತ್ತಾನೇ ಇಲ್ಲ, ಅಂದೆ.

ಮೇಡಂ ಪೆನ್ನು ಕೆಳಗಿಟ್ಟರು.

ಹೋದ ಮಳೆಗಾಲದ ಯಾವುದೋ ದಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ.
ಗಾಳಿ ಒಂದೊಂದೇ ಆಮ್ಲಜನಕ ತಂದು
ಫಾಸ್ಫರಸ್ಸಿನ ಕೈಗೆ ಕೊಟ್ಟಿತ್ತು.
ತುಂಬಿದ ಕೈ ಲೋಹವನ್ನು ಹೇಗೆ ಹಿಡಿದೀತು?
ನಾಲ್ಕು ಸಲವೂ ಕಾಲು ಜೋಡಿಸಿದ್ದು ನೋಟ್‌ಬುಕ್ಕಿನಲ್ಲಿ ಮಾತ್ರ.
ಆಲ್ಕೈನುಗಳು, ಬಾಗಿಲು ತೆರೆದಿದೆ ಎಂದು
ಜೋಡಿಯಾಗಿ ಬಂದಿದ್ದವು. ಅವುಗಳ ತಪ್ಪೇನಿಲ್ಲ.

ಹೊಸ ಸೀಸೆ ಮಾರ್ಚಿನಲ್ಲಿ ಬಂತು.
ಕೊಳೆತ ಬೆಳ್ಳುಳ್ಳಿ; ಸಸ್ಯಶಾಸ್ತ್ರದವರು ದೂರು ಕೊಟ್ಟರು.
ಫ್ಲಾಸ್ಕು ಕೆಂಪಾಯಿತು,
ಗಿಡದಲ್ಲೇ ಮರೆತುಬಿಟ್ಟ ಕಾಫಿ ಹಣ್ಣಿನಷ್ಟು.
ಮೈಸೂರಿನಿಂದ ಬಂದ ಹಾಳೆಯ ಎಡ ತುದಿಯಲ್ಲಿ,
ಮುನ್ನೂರ ನಲವತ್ತೊಂಬತ್ತರಲ್ಲಿ, ಉಳಿದೆಲ್ಲದರಿಂದ ದೂರ, ಒಂದು ಗೆರೆ.
"ಲೋಹ ಹಿಡಿದ ಕಾರ್ಬನ್ ಇದು, ಆಂಟಿ."
ನನಗೆ ಕಂಡದ್ದು ಕೂದಲಿನಷ್ಟು ಶಾಯಿ.

ಆ ಸಂಜೆ ಒಂದು ಫ್ಲಾಸ್ಕನ್ನು ಬೇಕೆಂದೇ ತೊಳೆಯದೆ ಬಿಟ್ಟೆ,
ಬಾಯಿ ತೆರೆದು, ಕಿಟಕಿಯ ಬಳಿ.
ಮೂರನೆಯ ಬೆಳಿಗ್ಗೆ ಕೆಂಪು ಇಳಿದು ಮಾಸಲು ಹಳದಿ.
ಮೂಸಿದೆ.
ಬಾದಾಮಿ.
ಮೇಡಂ ಇನ್ನೂ ಮೆಟ್ಟಿಲು ಹತ್ತುತ್ತಿದ್ದರು.
ಇನ್ನೊಮ್ಮೆ ಮೂಸಿದೆ.